ಬ್ರೇಕಮ್ಮ ಮತ್ತು ಐದನೇ ನಟ್ಟು

ಶನಿವಾರ ಬೆಳಗ್ಗೆ ಬ್ರೆಡ್ಡಿನ ಕೊನೆಯ ಟ್ರೇ ಭಟ್ಟಿಯಿಂದ ಹೊರಬಂದ ಮೇಲೆ, ಬೇಕರಿಯ ಹಿಂದಿನ ಅಂಗಳದಲ್ಲಿ ಅರವತ್ತಾರು ವರ್ಷದ ಹೆಂಗಸೊಬ್ಬರು ವ್ಯಾನಿನ ಹಿಂದಿನ ಎಡ ಚಕ್ರದ ಮುಂದೆ ಕುಕ್ಕರಗಾಲಲ್ಲಿ ಕೂತು ಒಂದು ನಟ್ಟಿಗೆ ಬೈಯುತ್ತಿದ್ದರು.

"ನಿನಗೆ ಇವತ್ತೇ ಬೇಕಿತ್ತಾ? ನಿನ್ನೆ ಸುಮ್ಮನಿದ್ದೆ. ಇವತ್ತೇ ಸೊಕ್ಕು ಬಂತಾ?"

ಟೈರಿನಲ್ಲಿ ಗಾಳಿ ಪೂರ್ತಿ ಇಳಿದಿತ್ತು. ಸ್ಟೆಪ್ನಿ ಚಕ್ರ ಪಕ್ಕದಲ್ಲೇ ಗೋಡೆಗೆ ಒರಗಿ ತಯಾರಾಗಿ ನಿಂತಿತ್ತು. ಚಕ್ರಕ್ಕೆ ಇರುವುದು ಐದು ನಟ್ಟು. ಭಟ್ಟಿ ನೋಡಿಕೊಳ್ಳುವ ಅಳಿಯ ಬೆವರು ಸುರಿಸಿ ನಾಲ್ಕನ್ನು ಬಿಚ್ಚಿದ್ದ. ಗಾಳಿ ತುಂಬುವ ಮೂತಿಯ ಪಕ್ಕದಲ್ಲಿದ್ದ ಐದನೆಯದು ಮಾತ್ರ ಜಪ್ಪಯ್ಯ ಎಂದರೂ ಕದಲಲಿಲ್ಲ. ಅದರ ಆರು ಮೂಲೆಗಳೂ ಸವೆದು ನಟ್ಟು ಗೋಲಿಯಷ್ಟು ಗುಂಡಗಾಗಿತ್ತು. ಮೇಲೆ ಬೆಳ್ಳಿ ಬಣ್ಣ ಬೇರೆ. ನಟ್ಟು ಬಿಚ್ಚುವ ಪಾನಾ ಹಾಕಿದರೆ ಜಾರುತ್ತಿತ್ತು, ಜಾರಿದಾಗ ಅಳಿಯನ ಗೆಣ್ಣು ನೆಲಕ್ಕೆ ತರಚುತ್ತಿತ್ತು.

ಈ ಹೆಂಗಸನ್ನು ಬೀದಿಯವರು ಬ್ರೇಕಮ್ಮ ಎಂದೇ ಕರೆಯುತ್ತಾರೆ. ಗಂಡ ವ್ಯಾನು ಓಡಿಸುವಾಗ ಪಕ್ಕದ ಸೀಟಿನಲ್ಲಿ ಕೂತು ಇಪ್ಪತ್ತಕ್ಕೂ ಹೆಚ್ಚು ವರ್ಷ ಬಲಗಾಲಿನಿಂದ ನೆಲ ಒತ್ತಿದವರು ಅವರು. ಎದುರಿಗೆ ಬಸ್ಸು ಬಂದರೆ ಒತ್ತು, ಸೈಕಲ್ ಬಂದರೆ ಒತ್ತು, ಕಾಗೆ ಕಂಡರೂ ಒತ್ತು. ಆ ಜಾಗದ ರಬ್ಬರ್ ಚಾಪೆ ಸವೆದು ತಗಡು ಕಾಣುತ್ತದೆ. "ನಮ್ಮ ಗಾಡಿಗೆ ಎರಡು ಬ್ರೇಕು. ಒಂದು ಕಂಪನಿ ಕೊಟ್ಟದ್ದು, ಇನ್ನೊಂದು ನಮ್ಮ ಮಾವ ಕೊಟ್ಟದ್ದು" ಎಂದು ಗಂಡ ಅಂಗಡಿಗೆ ಬಂದವರಿಗೆಲ್ಲ ಹೇಳುತ್ತಿದ್ದರು. ಹೆಸರು ಹಾಗೆ ಅಂಟಿತು. ಬ್ರೇಕಮ್ಮನಿಗೆ ಅದರ ಬಗ್ಗೆ ಬೇಸರವಿಲ್ಲ. "ನಾನು ಒತ್ತದೆ ಇದ್ದಿದ್ರೆ ನೀವು ಇವತ್ತು ಇರ್ತಿರ್ಲಿಲ್ಲ" ಎಂಬುದು ಅವರ ಉತ್ತರ.

ಆ ಶನಿವಾರ ಮಧ್ಯಾಹ್ನದೊಳಗೆ ಬ್ರೇಕಮ್ಮ ಇದೇ ವ್ಯಾನಿನಲ್ಲಿ ಡ್ರೈವಿಂಗ್ ಪರೀಕ್ಷೆ ಕೊಡಬೇಕಿತ್ತು.

ಗಂಡನ ಕಣ್ಣು ಮಂದವಾಗಿ, ಇನ್ನು ಸ್ಟಿಯರಿಂಗ್ ಮುಟ್ಟಬೇಡಿ ಎಂದು ಡಾಕ್ಟರು ಹೇಳಿದ್ದರು. ಅಳಿಯನಿಗೆ ಸ್ಟಿಯರಿಂಗ್ ಹಿಡಿದರೆ ತಲೆ ಸುತ್ತುತ್ತದೆ. ಒಮ್ಮೆ ಪ್ರಯತ್ನಿಸಿ ಭಟ್ಟಿಯ ಗೋಡೆಗೆ ಗುದ್ದಿದ್ದಾನೆ. ಮಗಳಿಗೆ ಲೈಸೆನ್ಸ್ ಇದ್ದರೂ ಅವಳು ಆಸ್ಪತ್ರೆಯಲ್ಲಿ ನರ್ಸು, ಬ್ರೆಡ್ಡು ಹೊರಡುವ ಹೊತ್ತಿಗೇ ಅವಳ ಪಾಳಿ. ಸಂಬಳಕ್ಕೆ ಇಟ್ಟಿದ್ದ ಚಾಲಕ ಶುಕ್ರವಾರಕ್ಕೆ ಕೆಲಸ ಬಿಟ್ಟ. ವ್ಯಾನನ್ನು ಮೊಟ್ಟೆ ವ್ಯಾಪಾರಿಗೆ ಮಾರಿ, ಅಂಗಡಿಗೆ ಬಂದವರಿಗಷ್ಟೇ ಬ್ರೆಡ್ಡು ಮಾರೋಣ ಎಂದು ಗಂಡ ಮಾತು ಕೊಟ್ಟಾಗಿತ್ತು. ವ್ಯಾಪಾರಿ ಸೋಮವಾರ ಬರುವವನು. ಬ್ರೇಕಮ್ಮ ಒಂದು ಷರತ್ತು ಹಾಕಿದ್ದರು: ಅಷ್ಟರೊಳಗೆ ತಾನು ಪಾಸಾದರೆ ಗಾಡಿ ಮನೆಯಲ್ಲೇ ಉಳಿಯಬೇಕು, ಕೀಲಿ ತನ್ನ ಕೈಗೆ ಬರಬೇಕು.

ಅವರು ಆಗಲೇ ಎರಡು ಸಲ ಫೇಲಾಗಿದ್ದರು. ಮೊದಲ ಸಲ ಮೈದಾನದಲ್ಲಿ ಕೂತಿದ್ದ ಕಾಗೆಗೆ ದಾರಿ ಬಿಟ್ಟು, ಅದು ಹಾರುವ ತನಕ ಕಾದರು. ಎರಡನೆಯ ಸಲ ಪರೀಕ್ಷೆಯ ನಡುವೆ ಗಾಡಿ ನಿಲ್ಲಿಸಿ, ಅಧಿಕಾರಿಯನ್ನು ಒಳಗೇ ಕೂರಿಸಿ, ಕೆಳಗಿಳಿದು ಹೋಗಿ ಹಿಂದಿನ ಎಡ ಚಕ್ರ ನೋಡಿ ಬಂದರು. ಕಲಿಕೆಯ ಪರವಾನಗಿ ಅಂದಿಗೆ ಮುಗಿಯುತ್ತಿತ್ತು. ಇದು ಕೊನೆಯ ಸಲ.

ಬೇರೆ ಗಾಡಿ ತರೋಣವೇ ಎಂದು ಅಳಿಯ ಕೇಳಿದ.

"ಬೇರೆ ಗಾಡೀಲಿ ಬ್ರೇಕ್ ಎಲ್ಲಿರುತ್ತೋ ಏನೋ" ಎಂದರು ಬ್ರೇಕಮ್ಮ.

"ಅತ್ತೆ, ಎಲ್ಲಾ ಗಾಡೀಲೂ ಒಂದೇ ಕಡೆ ಇರುತ್ತೆ."

"ಇರಲಿ. ಅದರ ಗುಣ ನನಗೆ ಗೊತ್ತಿಲ್ಲ. ಇದರ ಗುಣ ಗೊತ್ತು."

ಹಿಂದಿನ ಎಡ ಚಕ್ರಕ್ಕೂ ಈ ಮನೆಗೂ ಒಂದು ಹಳೆಯ ಲೆಕ್ಕವಿದೆ. ಮಗಳು ಇನ್ನೂ ಶಾಲೆಗೆ ಹೋಗುತ್ತಿದ್ದ ಕಾಲ. ಗಂಡ ಹೆಂಡತಿ ವ್ಯಾನಿನ ತುಂಬ ಬನ್ನು ತುಂಬಿಕೊಂಡು ಇಳಿಜಾರಿನಲ್ಲಿ ಬರುತ್ತಿದ್ದರು, ಹಿಂದೆ ಮಗಳು ಕೂತಿದ್ದಳು. ಆಗ ಒಂದು ಒಂಟಿ ಚಕ್ರ ಅವರ ಪಕ್ಕದಲ್ಲೇ ಉರುಳುತ್ತಾ ಬಂದು, ಅವರನ್ನು ದಾಟಿ ಮುಂದೆ ಹೋಯಿತು.

"ನೋಡೇ, ಯಾರದೋ ಚಕ್ರ ಬಿಚ್ಕೊಂಡು ಹೋಗ್ತಿದೆ, ಪಾಪ" ಎಂದರು ಗಂಡ.

"ಯಾರದೋ ಅಲ್ಲ ರೀ, ನಮ್ದೇ" ಎಂದರು ಹೆಂಡತಿ.

ಮರುಕ್ಷಣ ವ್ಯಾನಿನ ಹಿಂಭಾಗ ಕುಸಿದು, ರಸ್ತೆಗೆ ಕಿಡಿ ಹಾರಿಸುತ್ತಾ ನಿಂತಿತು. ಯಾರಿಗೂ ಗಾಯವಾಗಲಿಲ್ಲ. ಚಕ್ರ ಮಾತ್ರ ಕೆಳಗಿನ ತಿರುವಿನಲ್ಲಿದ್ದ ಕ್ಷೌರದಂಗಡಿಯೊಳಗೆ ನುಗ್ಗಿ, ಖಾಲಿ ಕುರ್ಚಿಗೆ ಒರಗಿ, ಸರದಿಗೆ ಬಂದ ಗಿರಾಕಿಯ ಹಾಗೆ ಕನ್ನಡಿಯ ಮುಂದೆ ಕೂತಿತ್ತು. ಹಿಂದಿನ ದಿನ ಚಕ್ರ ಬದಲಿಸಿದ್ದ ಗಂಡ ನಟ್ಟುಗಳನ್ನು ಕೈಯಲ್ಲಿ ತಿರುಗಿಸಿ, ಊಟಕ್ಕೆ ಕರೆದರೆಂದು ಎದ್ದು ಹೋಗಿ, ಪಾನಾ ಹಾಕುವುದನ್ನೇ ಮರೆತಿದ್ದರು. ಮನೆಯಲ್ಲಿ ಈ ಕತೆ ಎಷ್ಟು ಸಲ ಹೇಳಿ ನಕ್ಕಿದ್ದಾರೋ ಲೆಕ್ಕವಿಲ್ಲ. ಆ ಸಂಗತಿಯ ನಂತರ ಮನೆಗೆ ಬಂದ ಅಳಿಯ ಕೂಡ ಅದನ್ನು ಕಣ್ಣಾರೆ ಕಂಡವನಂತೆ ಹೇಳುತ್ತಾನೆ.

ಇಂಥ ಮನೆಯಲ್ಲಿ ನಟ್ಟು ಸಡಿಲವಾಗುವ ಪ್ರಶ್ನೆಯೇ ಇರಲಿಲ್ಲ. ತೊಂದರೆ ಬಂದದ್ದು ಇನ್ನೊಂದು ಕಡೆಯಿಂದ.

ಪರೀಕ್ಷೆಗೆಂದು ಅಂದು ರಜೆ ಹಾಕಿದ್ದ ಮಗಳು ಸ್ಕೂಟರಿನಲ್ಲಿ ಹೋಗಿ ಬೀದಿ ಕೊನೆಯ ಪಂಕ್ಚರ್ ಅಂಗಡಿಯವನನ್ನು ಕರೆತಂದಳು. ಸಣಕಲು ಆಳು, ನಲವತ್ತರ ಆಸುಪಾಸು, ಮಾತು ಜಾಸ್ತಿ. ಹೆಗಲ ಮೇಲೆ ಒಂದು ನೀರಿನ ಪೈಪು, ಕೈಯಲ್ಲಿ ನಟ್ಟಿನ ತಲೆಗೆ ಕೂರುವ ಸಾಕೆಟ್‌ಗಳ ಡಬ್ಬಿ. ಎರಡು ವರ್ಷದ ಹಿಂದೆ ಈ ಚಕ್ರಕ್ಕೆ ಹೊಸ ಟೈರು ಹಾಕಿದವನೂ ಅವನೇ.

ಅವನು ಮೊದಲು ಮಾಡಿದ ಕೆಲಸ ಜಾಕ್ ಇಳಿಸಿದ್ದು. ಗಾಡಿಯನ್ನು ಮೇಲೆತ್ತಿ ನಟ್ಟಿನ ಮೇಲೆ ಬಲ ಹಾಕುತ್ತಿದ್ದ ಅಳಿಯನಿಗೆ "ಅಣ್ಣಾ, ಇದು ತೊಟ್ಟಿಲಲ್ಲ, ತೂಗಬೇಡಿ. ನೆಲದ ಮೇಲೆ ಇರಲಿ, ಗಟ್ಟಿಯಾಗಿ ಕೂರುತ್ತೆ" ಎಂದ. ಆಮೇಲೆ ಬಿಚ್ಚಿದ್ದ ನಾಲ್ಕು ನಟ್ಟುಗಳನ್ನು ಮತ್ತೆ ಹಾಕಿ ಬಿಗಿ ಮಾಡಲು ಹೇಳಿದ.

"ಬೆಳಗ್ಗೆಯಿಂದ ಅದನ್ನೇ ಬಿಚ್ಚಿದ್ದು ನಾನು!" ಅಳಿಯನ ದನಿ ಅಳುವ ಹಾಗಿತ್ತು.

"ಬರೀ ಇದೊಂದರ ಮೇಲೆ ಭಾರ ಬಿದ್ರೆ ಇನ್ನೂ ಹಿಡ್ಕೊಳ್ಳುತ್ತೆ. ನಾಲ್ಕು ಜನ ಹೆಗಲು ಕೊಟ್ರೆ ಐದನೆಯವನು ಸ್ವಲ್ಪ ಸಡಿಲ ಆಗ್ತಾನೆ. ಹಾಕಿ."

ಅಳಿಯ ಹಾಕಿದ. ಪಂಕ್ಚರಿನವನು ಐದನೇ ನಟ್ಟಿನ ಸುತ್ತ ಇದ್ದ ಬಣ್ಣವನ್ನು ಕೆರೆದು, ತುಕ್ಕು ಬಿಡಿಸುವ ಎಣ್ಣೆ ಬಿಟ್ಟು, ಸುತ್ತಿಗೆಯಿಂದ ಟಕ್ ಟಕ್ ಎಂದು ತಟ್ಟುತ್ತಾ ಕೂತ. ಎಣ್ಣೆ ಒಳಗಿಳಿಯಲು ಹೊತ್ತು ಬೇಕು. ಆ ಹೊತ್ತಿನಲ್ಲಿ ಅವನು ನಟ್ಟನ್ನು ಬೆರಳಿನಿಂದ ಸವರಿ ತಲೆ ಅಲ್ಲಾಡಿಸಿದ.

"ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಾನು ಬಿಗಿ ಮಾಡಿ ಹೋದ ಮೇಲೆ ಇದಕ್ಕೆ ಯಾರು ಕೈ ಹಾಕಿದ್ದು?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಇಲ್ಲಿ ಹೆಗಲು ಮುಟ್ಟಿಕೊಂಡವರು ಒಟ್ಟಿಗೆ ನಾಲ್ಕು ಜನ.

ಮೊದಲು ಬಾಯಿ ಬಿಟ್ಟವರು ಗಂಡ. "ನಾನು... ಸಂಜೆ ಗಾಡಿ ಬಂದ ಮೇಲೆ ಸುಮ್ಮನೆ ಒಂದ್ಸಲ ಪಾನಾ ಹಾಕಿ ನೋಡ್ತಿದ್ದೆ. ಒಂದು ಕಾಲು ಸುತ್ತು, ಅಷ್ಟೇ."

"ದಿನಾನಾ?"

"ಕಣ್ಣು ಕಾಣಲ್ಲವಲ್ಲಪ್ಪ, ಬಿಗಿ ಆಗಿದೆಯೋ ಇಲ್ವೋ ಹೇಗೆ ಗೊತ್ತಾಗ್ಬೇಕು? ದಿನಾ."

ಮಗಳು ತಂದೆಯ ಮುಖ ನೋಡಿದಳು. "ಅಪ್ಪಾ, ನಾನು ಬೆಳಗ್ಗೆ ಡ್ಯೂಟಿಗೆ ಹೋಗೋ ಮುಂಚೆ ಟೈಟ್ ಮಾಡಿ ಹೋಗ್ತಿದ್ದೆ. ನಿಮಗೆ ಹೇಳಿದ್ರೆ ಬೇಜಾರಾಗುತ್ತೆ ಅಂತ ಹೇಳ್ಲಿಲ್ಲ."

"ನನಗ್ಯಾಕೆ ಬೇಜಾರು?"

"ಒಂದ್ಸಲ ಮರೆತಿದ್ದಿರಲ್ಲ, ಅದನ್ನೇ ಚುಚ್ಚಿ ತೋರಿಸ್ದ ಹಾಗೆ ಆಗಲ್ವಾ?"

ಅಳಿಯ ಗೋಡೆ ನೋಡುತ್ತಾ ನಿಂತಿದ್ದ. ಎಲ್ಲರ ಕಣ್ಣೂ ಅವನತ್ತ ತಿರುಗಿತು.

"ಹಿಟ್ಟು ಉಬ್ಬೋ ತನಕ ನನಗೆ ಬೇರೆ ಕೆಲಸ ಇರಲ್ಲ" ಎಂದ ಅಳಿಯ. "ಭಾನುವಾರ ಭಾನುವಾರ... ಪಾನಾದ ಮೇಲೆ ನಿಂತ್ಕೊಳ್ತಿದ್ದೆ. ಬಣ್ಣ ಹೊಡೆದದ್ದೂ ನಾನೇ. ಬಣ್ಣ ಬಿರುಕು ಬಿಟ್ರೆ ನಟ್ಟು ಅಲುಗಿದೆ ಅಂತ ಗೊತ್ತಾಗುತ್ತೆ ಅಂತ."

"ಬಿರುಕು ಬಿಟ್ಟಿತ್ತಾ?"

"ಪ್ರತಿ ವಾರ ಬಿಟ್ಟಿರ್ತಿತ್ತು! ಅಯ್ಯೋ, ಸಡಿಲ ಆಗ್ತಿದೆ ಅಂತ ನಾನು ಇನ್ನೂ ಬಿಗಿ ಮಾಡಿ, ಮತ್ತೆ ಬಣ್ಣ ಹೊಡೀತಿದ್ದೆ."

ಪಂಕ್ಚರಿನವನ ಕೈಯಿಂದ ಸುತ್ತಿಗೆ ಜಾರಿತು. ಮಗಳು ಬಾಯಿಗೆ ಸೆರಗು ಒತ್ತಿಕೊಂಡಳು. ಬಣ್ಣ ಬಿರುಕು ಬಿಟ್ಟದ್ದು ಮಾವನೂ ತನ್ನ ಹೆಂಡತಿಯೂ ಬಿಗಿ ಮಾಡಿದ್ದರಿಂದ ಎಂಬುದು ಅಳಿಯನಿಗೆ ಆಗಷ್ಟೇ ಹೊಳೆಯಿತು. ಅವನ ಮುಖ ನೋಡಿ ಗಂಡನಿಗೆ ಮೊದಲ ನಗು ಬಂತು.

"ಆದ್ರೂ ಈ ಒಂದು ನಟ್ಟು ಮಾತ್ರ ಯಾಕೆ ಗುಂಡಾಯ್ತು?" ಎಂದು ಪಂಕ್ಚರಿನವನು ಕೇಳಿದ. "ಇದಕ್ಕೆ ಅಳತೆ ತಪ್ಪಿದ ಪಾನಾ ಹಾಕಿದ್ದಾರೆ ಯಾರೋ."

ಬ್ರೇಕಮ್ಮ ಅಷ್ಟು ಹೊತ್ತು ಸ್ಟೆಪ್ನಿ ಚಕ್ರದ ಧೂಳು ಒರೆಸುತ್ತಿದ್ದರು. ಒರೆಸಿದ್ದನ್ನೇ ಒರೆಸುತ್ತಿದ್ದರು.

"ಏನೇ?" ಎಂದರು ಗಂಡ.

"ನೀವೆಲ್ಲ ಪಾನಾ ಎಲ್ಲೆಲ್ಲೋ ಇಟ್ಟಿರ್ತಿದ್ರಿ. ನನಗೆ ಸಿಕ್ತಿದ್ದದ್ದು ಭಟ್ಟಿ ಬಾಗಿಲಿನ ಪಾನಾ."

"ಅದು ಇದಕ್ಕಿಂತ ಒಂದು ಅಳತೆ ದೊಡ್ಡದಲ್ವಾ ಅತ್ತೆ!"

"ಸಂದಿಗೆ ಬಟ್ಟೆ ತುಂಡು ಸೇರಿಸ್ತಿದ್ದೆ. ಎಲ್ಲಾ ನಟ್ಟಿಗೂ ಮಾಡೋಕೆ ಸೊಂಟ ಬಗ್ಗಲ್ಲ. ಗಾಳಿ ಮೂತಿ ಪಕ್ಕದ್ದು ಗುರುತು ಸಿಗುತ್ತೆ ಅಂತ ಅದೊಂದಕ್ಕೆ ಮಾತ್ರ. ಒಂದು ನಟ್ಟಾದ್ರೂ ಗಟ್ಟಿಯಾಗಿದ್ರೆ ಚಕ್ರ ಎಲ್ಲಿಗೆ ಹೋಗುತ್ತೆ?" ಒರೆಸುವ ಬಟ್ಟೆ ಮಡಚುತ್ತಾ ಅವರು ಸೇರಿಸಿದರು: "ಮೇಲೆ ಹತ್ತಿ ಸ್ವಲ್ಪ ಕುಣೀತಿದ್ದೆ ಕೂಡ."

ಅಲ್ಲಿಗೆ ಮುಗಿಯಿತು. ಗಂಡ ಮೈದಾ ಚೀಲದ ಮೇಲೆ ಕುಸಿದು ಕೂತರು. ಮಗಳು ಗೋಡೆ ಹಿಡಿದುಕೊಂಡಳು. ಅಳಿಯ ಅಂಗಳದ ಮಧ್ಯೆ ನೆಲಕ್ಕೆ ಕೂತು, ತರಚಿದ ಗೆಣ್ಣನ್ನು ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಂತೆ ನಕ್ಕ. ಬ್ರೇಕಮ್ಮ ಮೊದಲು ಸಿಟ್ಟಿನಿಂದ ಎಲ್ಲರನ್ನೂ ನೋಡಿದರು. "ನಗ್ರಿ, ನಗ್ರಿ. ನಾನೊಬ್ಳೇ ಮಾಡಿದ್ನಾ?" ಎಂದು ಗದರಲು ಹೋದವರು ನಡುವೆ ತಾವೇ ನಕ್ಕುಬಿಟ್ಟರು. ನಾಲ್ಕು ಜನ, ಒಬ್ಬರಿಗೊಬ್ಬರು ಗೊತ್ತಾಗದಂತೆ, ಒಬ್ಬರ ಮೇಲೊಬ್ಬರ ಪ್ರೀತಿಗೆ, ಎರಡು ವರ್ಷ ಒಂದೇ ನಟ್ಟನ್ನು ಬಿಗಿ ಮಾಡಿದ್ದರು. ಅದು ಉಡದ ಪಟ್ಟು ಹಿಡಿದದ್ದರಲ್ಲಿ ಅದರದೇನೂ ತಪ್ಪಿರಲಿಲ್ಲ.

ನಗುವಿನಿಂದ ಒಂದು ನಷ್ಟವಾಯಿತು. ಪಂಕ್ಚರಿನವನು ಒಂದು ಅಳತೆ ಚಿಕ್ಕ ಸಾಕೆಟ್ಟನ್ನು ಸವೆದ ನಟ್ಟಿನ ಮೇಲೆ ಸುತ್ತಿಗೆಯಿಂದ ಬಡಿದು ಕೂರಿಸಿ, ಅದರ ಹಿಡಿಗೆ ಉದ್ದದ ಪೈಪು ತೊಡಿಸಿ, "ಬನ್ನಿ, ಎಲ್ಲರೂ ಹಿಡೀರಿ" ಎಂದಾಗ ಯಾರ ಕೈಯಲ್ಲೂ ತ್ರಾಣವಿರಲಿಲ್ಲ. ಅಳಿಯ ಪೈಪಿಗೆ ಜೋತುಬಿದ್ದು "ಬಿರುಕು" ಎಂದ, ಮಗಳು ಕೈಬಿಟ್ಟಳು. ಗಂಡ "ಬಟ್ಟೆ ತುಂಡು" ಎಂದರು, ಅಳಿಯ ಕೈಬಿಟ್ಟ. ಪಂಕ್ಚರಿನವನು ಒಬ್ಬನೇ ಎಳೆದ. ಅವನ ತೂಕಕ್ಕೆ ಪೈಪು ಮಣಿಯಲೇ ಇಲ್ಲ.

"ಹೊತ್ತಾಗ್ತಿದೆ" ಎಂದರು ಬ್ರೇಕಮ್ಮ. ಅಂಗಳದಲ್ಲಿ ನೆರಳು ಗೋಡೆಯ ಬುಡಕ್ಕೆ ಬಂದಿತ್ತು. ನಗು ಒಮ್ಮೆಗೇ ನಿಂತಿತು.

ಪಂಕ್ಚರಿನವನು ಅವರನ್ನು ಅಡಿಯಿಂದ ಮುಡಿಯ ತನಕ ನೋಡಿದ. "ಅಮ್ಮಾ, ನೀವು ಇದರ ಮೇಲೆ ಕುಣೀತಿದ್ರಿ ಅಂದ್ರಲ್ಲ, ಯಾವ ಕಡೆ?"

"ಬಲಗಡೆ."

"ಇವತ್ತು ಎಡಗಡೆ ಕುಣೀರಿ."

"ಏಯ್, ಬಿದ್ದಾಳು!" ಎಂದರು ಗಂಡ.

"ಬಿದ್ರೆ ಹಿಡ್ಕೊಳ್ಳಿ. ಅದಕ್ಕೇ ತಾನೆ ಮದುವೆ ಆಗಿದ್ದು" ಎಂದು ಬ್ರೇಕಮ್ಮ ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿದರು. ಒಂದು ಕೈ ವ್ಯಾನಿನ ಮೇಲೆ, ಇನ್ನೊಂದು ಅಳಿಯನ ಹೆಗಲ ಮೇಲೆ. ಎಡಕ್ಕೆ ಚಾಚಿದ್ದ ಪೈಪಿನ ತುದಿಗೆ ಒಂದು ಕಾಲಿಟ್ಟರು, ನಂತರ ಇನ್ನೊಂದು. ಪೈಪು ಬಿಲ್ಲಿನಂತೆ ಬಾಗಿತು. ಏನೂ ಆಗಲಿಲ್ಲ. ಒಮ್ಮೆ ಕುಣಿದರು. ವ್ಯಾನು ಕಿರುಗುಟ್ಟಿತು.

"ಇನ್ನೊಂದ್ಸಲ, ಅಮ್ಮಾ! ಸಿಟ್ಟಿನಿಂದ!"

"ಸಿಟ್ಟು ಯಾರ ಮೇಲೆ?"

"ಮೊಟ್ಟೆಯವನ ಮೇಲೆ!"

ಬ್ರೇಕಮ್ಮ ಕುಣಿದರು. ಪಟಾಕಿ ಸಿಡಿದಂತೆ ಒಂದು ಸದ್ದು ಬಂತು. ಪೈಪು ಸರ್ರನೆ ನೆಲಕ್ಕಿಳಿಯಿತು, ಬ್ರೇಕಮ್ಮ ಅಳಿಯನನ್ನು ದಾಟಿ ಗಂಡನ ಮೇಲೆ, ಗಂಡ ಮೈದಾ ಚೀಲದ ಮೇಲೆ ಬಿದ್ದರು. ಚೀಲದ ಹೊಲಿಗೆ ಬಿಚ್ಚಿತು. ಬಿಳಿ ಮೋಡ ಅಂಗಳವನ್ನೆಲ್ಲ ತುಂಬಿಕೊಂಡಿತು. ಅದರೊಳಗಿಂದ ಮೊದಲು ಕೇಳಿಸಿದ್ದು ಬ್ರೇಕಮ್ಮನ ದನಿ.

"ಬಂತಾ?"

"ಬಂತು!" ಎಂದು ಪಂಕ್ಚರಿನವನು ಕೂಗಿದ.

"ನನಗೇನಾಯ್ತು ಅಂತ ಕೇಳೋರಿಲ್ವಾ?" ಎಂದರು ಕೆಳಗಿದ್ದ ಗಂಡ.

ಆಮೇಲೆ ಎಲ್ಲವೂ ಬೇಗ ಬೇಗ ನಡೆಯಿತು. ಜಾಕ್ ಏರಿತು, ಹಳೆಯ ಚಕ್ರ ಇಳಿಯಿತು, ಸ್ಟೆಪ್ನಿ ಕೂತಿತು. ಬೋಲ್ಟಿನ ಸುರುಳಿ ಎಳೆಗಳು ಹಾಳಾಗಿರಲಿಲ್ಲ. ಪಂಕ್ಚರಿನವನು ತಂತಿಯ ಬ್ರಷ್ಷಿನಿಂದ ಉಜ್ಜಿ, ಸವೆದ ನಟ್ಟಿನ ಬದಲು ತನ್ನ ಡಬ್ಬಿಯಿಂದ ಬೇರೆ ನಟ್ಟು ಹಾಕಿದ. ಐದನ್ನೂ ಒಂದರ ಎದುರಿಗೊಂದರಂತೆ ಬಿಗಿ ಮಾಡಿ ಎದ್ದು ನಿಂತ.

"ಇಷ್ಟೇ ಸಾಕು. ಇದಕ್ಕಿಂತ ಜಾಸ್ತಿ ಬೇಡ."

ನಾಲ್ವರೂ ಚಕ್ರವನ್ನೇ ನೋಡುತ್ತಿದ್ದರು. ಗಂಡನ ಬೆರಳುಗಳು ಪಾನಾ ಹಿಡಿದಂತೆ ತಾವಾಗಿಯೇ ಮಡಚಿಕೊಂಡವು. ಅದನ್ನು ಕಂಡ ಪಂಕ್ಚರಿನವನು ಮನೆಯ ಪಾನಾವನ್ನು ಎತ್ತಿ ಕಂಕುಳಲ್ಲಿಟ್ಟುಕೊಂಡ. "ಇದು ನನ್ನ ಅಂಗಡೀಲಿ ಇರುತ್ತೆ. ಬೇಕಾದ್ರೆ ಬಂದು ಕಾರಣ ಹೇಳಿ ತಗೊಂಡು ಹೋಗಿ. ಭಟ್ಟಿ ಪಾನಾ ಮುಟ್ಟಿದ್ರೆ ಅದನ್ನೂ ಒಯ್ತೀನಿ."

ಮೈ ಕೈ ತೊಳೆಯಲು ಸಮಯವಿರಲಿಲ್ಲ. ಬ್ರೇಕಮ್ಮ ಸ್ಟಿಯರಿಂಗ್ ಮುಂದೆ ಕೂತರು, ಲೈಸೆನ್ಸ್ ಇದ್ದ ಮಗಳು ಪಕ್ಕದಲ್ಲಿ, ಗಂಡ ಮತ್ತು ಅಳಿಯ ಹಿಂದೆ ಬ್ರೆಡ್ಡಿನ ಖಾಲಿ ಟ್ರೇಗಳ ನಡುವೆ. ದಾರಿಯುದ್ದಕ್ಕೂ ಯಾರಾದರೂ ಒಬ್ಬರು ಫಕ್ಕನೆ ನಗುತ್ತಿದ್ದರು, ಉಳಿದವರಿಗೆ ಅದು ಅಂಟುತ್ತಿತ್ತು. ಸಿಗ್ನಲ್ಲಿನಲ್ಲಿ ಪಕ್ಕ ನಿಂತ ಬಸ್ಸಿನ ಕಂಡಕ್ಟರು, ಹುಬ್ಬಿನ ತನಕ ಹಿಟ್ಟು ಮೆತ್ತಿಕೊಂಡ ಅಷ್ಟೂ ಜನರನ್ನು ಕಣ್ಣರಳಿಸಿ ನೋಡಿದ.

ಪರೀಕ್ಷೆಯ ಮೈದಾನದಲ್ಲಿ ಅಧಿಕಾರಿ ಪೆನ್ನಿಗೆ ಮುಚ್ಚಳ ಹಾಕಿ ಊಟಕ್ಕೆ ಏಳುತ್ತಿದ್ದರು. ವ್ಯಾನಿನಿಂದ ಇಳಿದ, ಹಿಟ್ಟು ಮೆತ್ತಿ ಬೆಳ್ಳಗಾದ ಹೆಂಗಸನ್ನು ಕಂಡು ಮತ್ತೆ ಕೂತರು.

"ನೀವಾ? ಚಕ್ರ ನೋಡೋಕೆ ಇಳಿದವರು?"

"ಹೌದು ಸಾರ್."

"ಇವತ್ತೂ ಇಳೀತೀರಾ?"

"ಇಳಿಯಲ್ಲ ಸಾರ್."

"ಇಳಿದ್ರೆ ಫೇಲು. ನಾನು ಎರಡನೇ ಮಾತು ಆಡಲ್ಲ. ಹತ್ತಿ."

ಉಳಿದ ಮೂವರೂ ಬೇಲಿಯ ಆಚೆ ನಿಂತರು. ವ್ಯಾನು ನೇರ ಹೋಯಿತು, ಗೆರೆಯ ಹತ್ತಿರ ನಿಂತಿತು, ಹಿಂದಕ್ಕೆ ಬಂದು ಎರಡು ಕಂಬಗಳ ನಡುವೆ ಕೂತಿತು. ಇದೆಲ್ಲ ಬ್ರೇಕಮ್ಮನಿಗೆ ಮೊದಲಿಂದಲೂ ಬರುತ್ತಿತ್ತು. ಕೊನೆಯದು ಎಂಟರ ಆಕಾರದ ದಾರಿ. ಮೊದಲ ತಿರುವಿನಲ್ಲಿ ವ್ಯಾನಿನ ಹಿಂಭಾಗದಿಂದ ಖಣ್ ಎಂದು ಒಂದು ಸದ್ದು ಕೇಳಿಸಿತು. ಎಡಗಡೆಯಿಂದ.

ಬೇಲಿಯ ಆಚೆ ಮೂವರ ನಗುವೂ ಆರಿತು. "ನಿಲ್ಲಿಸ್ಬೇಡ" ಎಂದು ಗಂಡ ಪಿಸುಗುಟ್ಟಿದರು, ಅಷ್ಟು ದೂರಕ್ಕೆ ಅದು ಕೇಳುವುದಿಲ್ಲ ಎಂದು ಗೊತ್ತಿದ್ದೂ. ಅವರ ಮಂದ ಕಣ್ಣಿಗೆ ಚಕ್ರ ಕಾಣುತ್ತಿರಲಿಲ್ಲ. "ಇದೆಯಾ? ಚಕ್ರ ಇದೆಯಾ?" ಎಂದು ಮಗಳನ್ನು ಕೇಳಿದರು. "ಇದೆ ಅಪ್ಪಾ" ಎಂದಳು ಮಗಳು.

ವ್ಯಾನು ನಿಧಾನವಾಯಿತು. ಒಳಗೆ ಅಧಿಕಾರಿ ಬ್ರೇಕಮ್ಮನ ಕಡೆ ತಿರುಗಿ ನೋಡುತ್ತಾ ಕೂತಿದ್ದರು. ಎರಡನೆಯ ತಿರುವಿನಲ್ಲಿ ಮತ್ತೆ ಖಣ್. ಬ್ರೇಕಮ್ಮನ ಬಲಗೈ ಬಾಗಿಲಿನ ಹಿಡಿಯ ತನಕ ಹೋಗಿ, ಅಲ್ಲಿ ಒಂದು ಕ್ಷಣ ನಿಂತು, ಸ್ಟಿಯರಿಂಗಿಗೆ ಮರಳಿತು. "ನಾನು ಕುಣಿದು ಬಿಚ್ಚಿದ ಚಕ್ರ, ಅವನು ಕಣ್ಣೆದುರಿಗೇ ಬಿಗಿ ಮಾಡಿದ್ದಾನೆ" ಎಂದು ಅವರು ಗಟ್ಟಿಯಾಗಿಯೇ ಹೇಳಿದರು.

"ಏನು?" ಎಂದರು ಅಧಿಕಾರಿ.

"ಏನಿಲ್ಲ ಸಾರ್" ಎಂದು ಬ್ರೇಕಮ್ಮ ನಗು ತಡೆಯಲಾಗದೆ ಭುಜ ಕುಲುಕಿಸುತ್ತಾ ಎಂಟನ್ನು ಪೂರ್ತಿ ಮಾಡಿ, ಗೆರೆಯ ಮೇಲೆ ಗಾಡಿ ನಿಲ್ಲಿಸಿದರು.

ಅಧಿಕಾರಿ ಪೆನ್ನಿನ ಮುಚ್ಚಳ ತೆಗೆದು ಸಹಿ ಹಾಕಿದರು. "ಪಾಸು. ಈಗ ಇಳಿದು ನೋಡ್ಕೊಳ್ಳಿ."

ಬ್ರೇಕಮ್ಮ ಇಳಿದು ಓಡಿದರು. ಐದು ನಟ್ಟೂ ಇದ್ದಲ್ಲೇ ಇದ್ದವು. ಅವಸರದಲ್ಲಿ ಅಳಿಯ ಪಂಕ್ಚರಿನವನ ಪೈಪನ್ನು ಹಿಂದೆ ಟ್ರೇಗಳ ನಡುವೆ ಎಸೆದಿದ್ದ. ಬರುವಾಗ ಇಬ್ಬರ ಕಾಲ ಕೆಳಗೆ ಅಲುಗದೆ ಇದ್ದ ಅದು ಪರೀಕ್ಷೆಯಲ್ಲಿ ತಿರುವಿಗೊಮ್ಮೆ ಉರುಳಿ ವ್ಯಾನಿನ ತಗಡಿಗೆ ಬಡಿದಿತ್ತು. ಬೇಲಿ ದಾಟಿ ಬಂದ ಗಂಡ ವ್ಯಾನಿನ ಇನ್ನೊಂದು ಕೀಲಿಯನ್ನು ಜೇಬಿನಿಂದ ತೆಗೆದು ಹೆಂಡತಿಯ ಅಂಗೈಗೆ ಹಾಕಿದರು. ಅದರ ಮೇಲೂ ಹಿಟ್ಟಿತ್ತು.

ಮೊಟ್ಟೆ ವ್ಯಾಪಾರಿಗೆ ಅಂದು ಸಂಜೆಯೇ ಫೋನು ಹೋಯಿತು. ಸೋಮವಾರದಿಂದ ಬ್ರೆಡ್ಡಿನ ಸುತ್ತು ಬ್ರೇಕಮ್ಮನದು. ಮೊದಲ ನಿಲುಗಡೆ ಆಸ್ಪತ್ರೆಯ ಕ್ಯಾಂಟೀನು, ಪಕ್ಕದ ಸೀಟಿನಲ್ಲಿ ಗಂಡ.